‘ಬೇಡ’ ಎನ್ನಲು ಒಂದು ದಾರಿ: ಆಟಿಸಂ ಇರುವ ಹುಡುಗನೊಬ್ಬನ ಪ್ರಕರಣ

ಮೊದಲೇ ಒಂದು ಮಾತು. ಇದು ಒಬ್ಬನೇ ಹುಡುಗನ ಕಥೆಯ ಹಾಗೆ ಕಂಡರೂ, ಬೇರೆ ಬೇರೆ ಮನೆಗಳಲ್ಲಿ, ಶಾಲೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಸೇರಿಸಿ ಬರೆದದ್ದು. ಯಾರ ಗುರುತೂ ಸಿಗಬಾರದು ಅಂತ ಹೆಸರು, ಜಾಗ ಎಲ್ಲ ಬಿಟ್ಟಿದ್ದೇನೆ. ವಿಶೇಷ ಶಿಕ್ಷಣದಲ್ಲಿ ಕೆಲಸ ಮಾಡುವವರಿಗೆ ಇದರಲ್ಲಿ ಹೊಸದೇನೂ ಸಿಗದಿರಬಹುದು. ನಾನು ಬರೆಯುತ್ತಿರುವುದು ಅಪ್ಪ ಅಮ್ಮಂದಿರಿಗೆ, ಮತ್ತೆ ತಮ್ಮ ಕ್ಲಾಸಿನಲ್ಲಿ ಇಂಥ ಒಂದು ಮಗು ಇದ್ದು ಏನು ಮಾಡಬೇಕು ಅಂತ ತೋಚದೆ ಕೂತಿರುವ ಟೀಚರ್‌ಗಳಿಗೆ.

ದೂರು ಏನಿತ್ತು

ಹುಡುಗನಿಗೆ 8 ವರ್ಷ. ಸಾಮಾನ್ಯ ಶಾಲೆಯಲ್ಲಿ ಮೂರನೇ ಕ್ಲಾಸ್. ಮೂರೂವರೆ ವರ್ಷದವನಿದ್ದಾಗ ಆಟಿಸಂ ಅಂತ ಗುರುತಿಸಿದ್ದರು, ಅಂದರೆ ಮಾತು, ಬೇರೆಯವರ ಜೊತೆ ಬೆರೆಯುವುದು, ಸದ್ದು ಸ್ಪರ್ಶಗಳ ಅನುಭವ ಬೇರೆ ಥರ ಇರುವ ಬೆಳವಣಿಗೆಯ ಸ್ಥಿತಿ. ಮಾತು ಕಡಿಮೆ. ಬೇಕಾದ್ದಕ್ಕೆ ಒಂದೆರಡು ಪದ ಆಡುತ್ತಾನೆ, ಉಳಿದಂತೆ ಎಲ್ಲೋ ಕೇಳಿದ ವಾಕ್ಯಗಳನ್ನು ಕೇಳಿದ ಧಾಟಿಯಲ್ಲೇ ಹೇಳುತ್ತಾನೆ. ಓದುತ್ತಾನೆ. ಅಂಕಿಗಳೆಂದರೆ ಪ್ರಾಣ. ಜೇಬಿನಲ್ಲಿ ಸದಾ ಒಂದು ಟೈಲರ್ ಟೇಪು ಇರುತ್ತದೆ. ಬೆಂಚು, ಬಾಗಿಲು, ಪೆನ್ಸಿಲ್, ಮನೆಗೆ ಬಂದವರ ಚಪ್ಪಲಿ ಎಲ್ಲವನ್ನೂ ಅಳೆಯುತ್ತಾನೆ, ಒಮ್ಮೆ ಅಳೆದದ್ದನ್ನು ಮರೆಯುವುದಿಲ್ಲ. ನನ್ನ ಬ್ಯಾಗಿನ ಪಟ್ಟಿ ಎಷ್ಟು ಉದ್ದ ಅಂತ ನನಗೆ ನೆನಪಿಲ್ಲ, ಅವನಿಗಿದೆ.

ಒಂದನೇ, ಎರಡನೇ ಕ್ಲಾಸ್ ಹೇಗೋ ನಡೆದಿತ್ತು. ಮೂರನೇ ಕ್ಲಾಸ್ ಶುರುವಾಗಿ ಒಂದು ತಿಂಗಳು ತುಂಬುವುದರೊಳಗೆ ಗಲಾಟೆ ಶುರು. ಪಾಠದ ಮಧ್ಯೆ ಎದ್ದು ಓಡುತ್ತಾನೆ. ಹಿಡಿದರೆ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುತ್ತಾನೆ. ಒಂದು ದಿನ ಬಾಗಿಲಿಗೆ ಅಡ್ಡ ನಿಂತ ಕ್ಲಾಸ್ ಮಿಸ್ಸಿನ ತೋಳು ಕಚ್ಚಿದ, ರಕ್ತ ಬಂತು. ಅಲ್ಲಿಗೆ ಶಾಲೆಯವರ ತಾಳ್ಮೆ ಮುಗಿಯಿತು. ಎರಡರಲ್ಲಿ ಒಂದು ಮಾಡಿ ಅಂದರು: ನಿಮ್ಮ ಖರ್ಚಿನಲ್ಲಿ ಒಬ್ಬ ಶ್ಯಾಡೋ ಟೀಚರನ್ನು (ಕ್ಲಾಸಿನಲ್ಲಿ ಅವನ ಪಕ್ಕದಲ್ಲೇ ಇದ್ದು ನೋಡಿಕೊಳ್ಳುವವರು) ಕಳಿಸಿ, ಇಲ್ಲಾಂದ್ರೆ ಊಟದ ಹೊತ್ತಿಗೆ ಬಂದು ಕರೆದುಕೊಂಡು ಹೋಗಿ.

ಈ ‘ಅರ್ಧ ದಿನ ಸಾಕು’ ಅನ್ನುವುದು ಕೇಳಲು ಮೆತ್ತಗಿರುತ್ತದೆ. ಯಾರೂ ಹೊರಗೆ ಹಾಕಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿದೆ, ಆದರೆ ಮಗು ಶಾಲೆಯಲ್ಲಿಲ್ಲ. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ, ಅಂಗವಿಕಲತೆಯ ಕಾರಣಕ್ಕೆ ಯಾರನ್ನೂ ಸಾಮಾನ್ಯ ಶಿಕ್ಷಣದಿಂದ ಹೊರಗಿಡಬಾರದು, ಅವರವರಿಗೆ ಬೇಕಾದ ಹೊಂದಾಣಿಕೆಯನ್ನು ಮಾಡಿಕೊಡಬೇಕು ಅನ್ನುತ್ತದೆ. ಹೊಂದಾಣಿಕೆ ಸಿಗುವಂತೆ ನೋಡಿಕೊಳ್ಳುವ ಹೊಣೆ ಸರ್ಕಾರದ್ದು ಅನ್ನುವುದು ಅಲ್ಲಿ ಸ್ಪಷ್ಟವಾಗಿದೆ. ಆದರೆ ಮೀಟಿಂಗಿನಲ್ಲಿ ಕಾನೂನು ಎತ್ತಿದರೆ ಮಾತು ಅಲ್ಲೇ ನಿಂತುಹೋಗುತ್ತದೆ, ಎಲ್ಲರೂ ಕೈಕಟ್ಟಿ ಕೂರುತ್ತಾರೆ. ಹಾಗಾಗಿ ಅದನ್ನು ಜೇಬಿನಲ್ಲಿಟ್ಟುಕೊಂಡೇ ‘ಒಂದೆರಡು ವಾರ ಟೈಮ್ ಕೊಡಿ, ಏನಾಗ್ತಿದೆ ಅಂತ ನೋಡೋಣ’ ಅಂತ ಕೇಳಿದೆ. ಕೊಟ್ಟರು.

ಎಲ್ಲರ ಹತ್ತಿರವೂ ಒಂದೊಂದು ಕಾರಣವಿತ್ತು

ಹೆಡ್ ಮಿಸ್ ಪ್ರಕಾರ ಹುಡುಗ ದೊಡ್ಡವನಾಗುತ್ತಿದ್ದಾನೆ, ಹಟ ಜಾಸ್ತಿಯಾಗಿದೆ. ಲೆಕ್ಕದ ಸರ್ ಪ್ರಕಾರ ಕೆಲಸ ತಪ್ಪಿಸಿಕೊಳ್ಳಲು ಓಡುತ್ತಾನೆ. ಅಪ್ಪ ರಾತ್ರಿಯೆಲ್ಲ ಮೊಬೈಲ್ ನೋಡಿ ಯಾವುದೋ ಪಥ್ಯ, ಯಾವುದೋ ಹನಿ, ‘ಆರು ತಿಂಗಳಲ್ಲಿ ಗುಣ’ ಅನ್ನುವ ವಿಡಿಯೋಗಳನ್ನೆಲ್ಲ ಕೂಡಿಟ್ಟುಕೊಂಡಿದ್ದರು. ಲಸಿಕೆಯಿಂದ ಆಟಿಸಂ ಬರುತ್ತದೆ ಅನ್ನುವ ವಿಷಯವೂ ಬಂತು. ಆ ಭಯಕ್ಕೆ ಮೂಲವಾದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ ಅಂತ ಹೇಳಿದೆ. ಅವರು ತಲೆಯಾಡಿಸಿದರು. ವಿಡಿಯೋಗಳನ್ನು ಡಿಲೀಟ್ ಮಾಡಿದರೋ ಇಲ್ಲವೋ ಕೇಳಲಿಲ್ಲ.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ನಾನು ಎಲ್ಲಿ ತಪ್ಪಿದೆ ಮೇಡಂ?”

ಈ ಪ್ರಶ್ನೆಗೆ ಒಂದು ಕೆಟ್ಟ ಇತಿಹಾಸವಿದೆ. ಕಳೆದ ಶತಮಾನದ ಮಧ್ಯಭಾಗದಲ್ಲಿ, ತಾಯಿ ಪ್ರೀತಿಯಿಲ್ಲದೆ ತಣ್ಣಗಿದ್ದರೆ ಮಗುವಿಗೆ ಆಟಿಸಂ ಬರುತ್ತದೆ ಅಂತ ಡಾಕ್ಟರ್‌ಗಳೇ ನಂಬಿದ್ದರು. ಬ್ರೂನೋ ಬೆಟಲ್‌ಹೈಮ್ ಅನ್ನುವವರು ಅದನ್ನು ಮನೆಮನೆಗೆ ಮುಟ್ಟಿಸಿದರು. ಬರ್ನಾರ್ಡ್ ರಿಮ್‌ಲ್ಯಾಂಡ್ ಅನ್ನುವ ಮನಶ್ಶಾಸ್ತ್ರಜ್ಞ, ಆಟಿಸಂ ಇದ್ದ ಹುಡುಗನ ಅಪ್ಪ ಕೂಡ ಹೌದು, 1964ರಲ್ಲೇ ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು ಅಂತ ವಾದಿಸಿದರು. 1977ರಲ್ಲಿ ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನ ಅನುವಂಶೀಯತೆಯ ಕಡೆ ಬೆರಳು ತೋರಿಸಿತು. ತಾಯಿಯೇ ಕಾರಣ ಅನ್ನುವ ಮಾತನ್ನು ವಿಜ್ಞಾನ ಬಿಟ್ಟು ಎಷ್ಟೋ ಕಾಲವಾಯಿತು, ನೆಂಟರು ಮಾತ್ರ ಇನ್ನೂ ಬಿಟ್ಟಿಲ್ಲ. ‘ನೀವು ತಪ್ಪಿಲ್ಲ’ ಅಂತ ಒಮ್ಮೆ ಹೇಳಿದರೆ ಸಾಲುವುದಿಲ್ಲ. ಪ್ರತಿ ಸಲ ಹೇಳಬೇಕಾಗುತ್ತದೆ, ಅಪ್ಪನ ಎದುರಿಗೇ, ಅತ್ತೆಯ ಎದುರಿಗೇ.

ನೋಟ್‌ಬುಕ್

ನಾನು ಕೊಟ್ಟ ಕೆಲಸ ಸಣ್ಣದು. ಒಂದು ನೋಟ್‌ಬುಕ್, ಮೂರು ಕಾಲಂ: ಮೊದಲು ಏನಾಯ್ತು, ಅವನು ಏನು ಮಾಡಿದ, ಆಮೇಲೆ ಏನಾಯ್ತು. ‘ಹಟ ಮಾಡಿದ’, ‘ಸುಮ್ನೆ ಕಿರುಚಿದ’ ಅಂತ ಬರೆಯಬಾರದು, ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು. ಕ್ಲಾಸ್ ಮಿಸ್ ಒಪ್ಪಿಕೊಂಡರು. ತೋಳಿನಲ್ಲಿ ಇನ್ನೂ ಕಚ್ಚಿದ ಗುರುತಿತ್ತು, ಕ್ಲಾಸಿನಲ್ಲಿ ನಲವತ್ತಕ್ಕೂ ಜಾಸ್ತಿ ಮಕ್ಕಳು, ಆದರೂ ಬರೆದರು.

ಈ ಮಿಸ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವುದು ನನಗಿಷ್ಟವಿಲ್ಲ. ಕಚ್ಚಿಸಿಕೊಂಡ ದಿನ ಅವರು ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಬಂದು ಉಳಿದ ಪೀರಿಯಡ್ ತೆಗೆದುಕೊಂಡಿದ್ದರು. ‘ನಿಮಗೆ ಹೇಗಿದೆ’ ಅಂತ ಒಬ್ಬರೂ ಕೇಳಿರಲಿಲ್ಲ, ಬದಲಿಗೆ ಘಟನೆಯ ಬಗ್ಗೆ ವಿವರಣೆ ಬರೆದುಕೊಡಿ ಅಂದಿದ್ದರು. ಒಳಗೊಳ್ಳುವ ಶಿಕ್ಷಣದ, ಅಂದರೆ ಎಲ್ಲ ಮಕ್ಕಳೂ ಒಂದೇ ಕ್ಲಾಸಿನಲ್ಲಿ ಕಲಿಯುವುದರ, ಬಗ್ಗೆ ಭಾಷಣ ಮಾಡುವವರು ಈ ಜಾಗಕ್ಕೆ ಬಂದಾಗ ಬೇಗ ಬೇಗ ಪುಟ ತಿರುಗಿಸುತ್ತಾರೆ. ಹೆದರಿದ ಟೀಚರ್ ಇದ್ದ ಕ್ಲಾಸಿನಲ್ಲಿ ಯಾವ ಯೋಜನೆಯೂ ನಿಲ್ಲುವುದಿಲ್ಲ. ‘ನಿಮಗೆ ಏನು ಬೇಕು?’ ಅಂತ ಕೇಳಿದಾಗ ಅವರು ಕೇಳಿದ್ದು ಇಷ್ಟೇ: “ಬಾಗಿಲಿಗೆ ಅಡ್ಡ ನಿಲ್ಲಿ ಅಂತ ಮಾತ್ರ ಹೇಳಬೇಡಿ.” ಅವತ್ತಿನಿಂದ ಯಾರೂ ಅಡ್ಡ ನಿಲ್ಲುವುದಿಲ್ಲ ಅಂತಾಯಿತು. ಬದಲಿಗೆ ಶಾಲೆಯ ಗೇಟಿಗೆ ಅವನ ಕೈಗೆಟುಕದ ಎತ್ತರದಲ್ಲಿ ಚಿಲಕ ಹಾಕಿಸಿದರು. ಓಡಿದರೂ ರಸ್ತೆಗೆ ಹೋಗುವಂತಿಲ್ಲ ಅನ್ನುವುದು ಖಾತ್ರಿಯಾದ ಮೇಲೆ ಎಲ್ಲರ ಗಾಬರಿಯೂ ಅರ್ಧಕ್ಕಿಳಿಯಿತು.

ನೋಟ್‌ಬುಕ್ಕಿನಿಂದ ಮೊದಲು ಏನೂ ಗೊತ್ತಾಗಲಿಲ್ಲ. ‘ಮೊದಲು ಏನಾಯ್ತು’ ಕಾಲಂನಲ್ಲಿ ಪದೇ ಪದೇ ‘ಏನೂ ಇಲ್ಲ’. ಒಮ್ಮೆ ಕನ್ನಡ ಪಾಠ, ಒಮ್ಮೆ ಚಿತ್ರ ಬಿಡಿಸುವುದು, ಒಮ್ಮೆ ಎಲ್ಲರೂ ಸುಮ್ಮನೆ ಕೂತು ಬರೆಯುತ್ತಿದ್ದಾರೆ. ಲೆಕ್ಕ ತಪ್ಪಿಸಲು ಓಡುತ್ತಾನೆ ಅನ್ನುವ ವಾದ ಅಲ್ಲಿಗೆ ಬಿತ್ತು, ಯಾಕೆಂದರೆ ಲೆಕ್ಕದ ಪೀರಿಯಡ್‌ನಲ್ಲಿ ಅವನು ಓಡಿದ್ದೇ ಕಡಿಮೆ. ಆಮೇಲೆ ನಾಲ್ಕನೇ ಕಾಲಂ ಸೇರಿಸಿದೆವು. ಎಷ್ಟು ಗಂಟೆ ಎಷ್ಟು ನಿಮಿಷ.

ಆಗ ಕಂಡಿತು. ಓಟಗಳೆಲ್ಲ ಎರಡು ಹೊತ್ತಿನ ಸುತ್ತ ಗುಂಪಾಗಿದ್ದವು: ಊಟದ ಬೆಲ್ಲಿಗೆ ಐದು ಹತ್ತು ನಿಮಿಷ ಮೊದಲು, ಮನೆಗೆ ಬಿಡುವ ಬೆಲ್ಲಿಗೆ ಐದು ಹತ್ತು ನಿಮಿಷ ಮೊದಲು. ಉಳಿದ ಪೀರಿಯಡ್‌ಗಳಿಗೆ ಅಟೆಂಡರ್ ಎರಡು ಸಲ ಚಿಕ್ಕದಾಗಿ ಒತ್ತುತ್ತಾರೆ. ಊಟಕ್ಕೆ ಮತ್ತು ಮನೆಗೆ ಮಾತ್ರ ಉದ್ದ ಬೆಲ್, ಒತ್ತಿ ಹಿಡಿದರೆ ಕಟ್ಟಡವೆಲ್ಲ ಗಣಗಣ. ಆ ಬೆಲ್ ಇರುವುದೆಲ್ಲಿ? ಮೂರನೇ ಕ್ಲಾಸಿನ ಬಾಗಿಲ ಪಕ್ಕದ ಗೋಡೆಯಲ್ಲಿ, ತಲೆಯ ಮೇಲೆ. ಎರಡನೇ ಕ್ಲಾಸ್ ಇದ್ದದ್ದು ಕಾರಿಡಾರಿನ ಇನ್ನೊಂದು ತುದಿಯಲ್ಲಿ.

ಮಿಸ್ ಹುಡುಕುತ್ತಿದ್ದದ್ದು ಓಡುವ ಮೊದಲು ನಡೆದದ್ದನ್ನು. ಅವನು ಓಡುತ್ತಿದ್ದದ್ದು ಇನ್ನೂ ನಡೆಯದೇ ಇದ್ದದ್ದಕ್ಕೆ. ಬೋರ್ಡ್ ನೋಡುತ್ತಿದ್ದಾನೆ ಅಂತ ಅವರು ಅಂದುಕೊಂಡಿದ್ದಾಗೆಲ್ಲ ಅವನ ಕಣ್ಣು ಬೋರ್ಡಿನ ಮೇಲಿದ್ದ ಗಡಿಯಾರದ ಮೇಲಿರುತ್ತಿತ್ತು. ಅಂಕಿ ಓದಬಲ್ಲ ಹುಡುಗ, ಬೆಲ್ ಎಷ್ಟು ಹೊತ್ತಿಗೆ ಅಂತ ಅವನಿಗೆ ಗೊತ್ತು. ಇಂಜೆಕ್ಷನ್ ಸಾಲಿನಲ್ಲಿ ನಿಂತವರಿಗೆ ಸೂಜಿ ಚುಚ್ಚುವ ಮೊದಲೇ ತೋಳು ಬಿಗಿಯುತ್ತದಲ್ಲ, ಹಾಗೆ.

ಸದ್ದಿನ ಈ ಸಂಕಟ ಹೊಸ ಸಂಗತಿಯೂ ಅಲ್ಲ. 1943ರಲ್ಲಿ ಲಿಯೋ ಕ್ಯಾನರ್ ಅನ್ನುವ ಮಕ್ಕಳ ಮನೋವೈದ್ಯರು ಆಟಿಸಂ ಇದ್ದ 11 ಮಕ್ಕಳ ಬಗ್ಗೆ ಬರೆದ ಮೊದಲ ಪ್ರಸಿದ್ಧ ಲೇಖನದಲ್ಲೇ ಜೋರು ಸದ್ದು, ಚಲಿಸುವ ವಸ್ತುಗಳು, ಲಿಫ್ಟು, ವ್ಯಾಕ್ಯೂಮ್ ಕ್ಲೀನರ್, ಕೊನೆಗೆ ಗಾಳಿಗೂ ಕೂಡ ಕೆಲವು ಮಕ್ಕಳು ಬೆಚ್ಚಿ ಬೀಳುತ್ತಿದ್ದರು ಅಂತ ಇದೆ. ಆದರೂ ರೋಗನಿರ್ಣಯದ ಕೈಪಿಡಿ ಡಿಎಸ್‌ಎಂನಲ್ಲಿ ಇಂದ್ರಿಯಗಳ ಈ ಅತಿಸೂಕ್ಷ್ಮತೆ, ಅಥವಾ ಅದರ ಉಲ್ಟಾ, ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿದ್ದು 2013ರ ಐದನೇ ಆವೃತ್ತಿಯಲ್ಲಿ. ನಡುವೆ ಎಪ್ಪತ್ತು ವರ್ಷ. ಅಷ್ಟು ವರ್ಷ ಎಷ್ಟು ಮಕ್ಕಳು ‘ಸುಮ್ನೆ ಕಿರುಚುತ್ತಾರೆ’ ಅನಿಸಿಕೊಂಡರೋ.

ಅಜ್ಜಿ ಹೇಳಿದ್ದು

ನೋಟ್‌ಬುಕ್ಕಿನಲ್ಲಿ ಇನ್ನೊಂದು ವಿಷಯವಿತ್ತು. ಓಡುವ ಸ್ವಲ್ಪ ಮೊದಲು ಹುಡುಗ ಏನೋ ಗೊಣಗುತ್ತಾನೆ ಅಂತ ಮಿಸ್ ಬರೆದಿದ್ದರು. ಆಮೇಲೆ ಕಿವಿಗೊಟ್ಟು ಕೇಳಿ ಅದನ್ನೂ ಬರೆದರು: “ಬಾಗಿಲುಗಳು ಮುಚ್ಚುತ್ತಿವೆ. ದಯವಿಟ್ಟು ದೂರ ನಿಲ್ಲಿ.” ಅದೇ ಹೆಣ್ಣು ದನಿ, ಅದೇ ಧಾಟಿ. ಲಿಫ್ಟಿನ ಅನೌನ್ಸ್‌ಮೆಂಟ್. ಅಪ್ಪ ಅಮ್ಮನಿಗೆ ಅದು ಗೊತ್ತಿತ್ತು, ಮನೆಯಲ್ಲೂ ಹೇಳುತ್ತಿರುತ್ತಾನಂತೆ. “ಅದಕ್ಕೇನೂ ಅರ್ಥ ಇಲ್ಲ ಮೇಡಂ, ಎಲ್ಲಿ ಕೇಳಿದ್ದನ್ನೆಲ್ಲ ಹೇಳ್ತಾನೆ.”

ಮೂಲೆಯಲ್ಲಿ ಕೂತಿದ್ದ ಅಜ್ಜಿ ತಲೆಯೆತ್ತಿದರು. “ಅರ್ಥ ಯಾಕಿಲ್ಲ? ನಾನೇ ಜೊತೆಗಿದ್ದೆನಲ್ಲ.”

ಅವನಿಗೆ ಮೂರು ವರ್ಷವಿದ್ದಾಗ, ಮಾತು ಬರುತ್ತಿಲ್ಲ ಅಂತ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದರು. ಲಿಫ್ಟಿನಲ್ಲಿ ಜನ ಜಾಸ್ತಿಯಾಗಿ ಬಝರ್ ಹೊಡೆದುಕೊಂಡಿತು. ನಿಲ್ಲಲೇ ಇಲ್ಲ. ಹುಡುಗ ಅಜ್ಜಿಯ ಸೊಂಟದ ಮೇಲೇ ಹೊರಳಾಡಿ, ಕೂದಲು ಹಿಡಿದೆಳೆದು, ಬಾಗಿಲು ಮುಚ್ಚುವ ಮೊದಲು ಹೊರಗೆ ಬಂದದ್ದೇ ದೊಡ್ಡ ಸಾಹಸ. ಆವತ್ತಿನಿಂದ ತಡೆಯಲಾಗದಷ್ಟು ಸದ್ದಾದಾಗೆಲ್ಲ ಅವನ ಬಾಯಲ್ಲಿ ಅದೇ ವಾಕ್ಯ. ಅಜ್ಜಿಗೆ ಇದು ಐದು ವರ್ಷದಿಂದ ಗೊತ್ತು. ಯಾಕೆ ಹೇಳಲಿಲ್ಲ ಅಂದರೆ, ಕೇಳಲಿಲ್ಲ ಅಂದರು. ಸೊಸೆ, “ಅತ್ತೆ, ಒಂದು ಮಾತು ಹೇಳಬಾರದಿತ್ತಾ” ಅಂತ ಅಷ್ಟಕ್ಕೇ ಬಿಟ್ಟರು.

ಕೇಳಿದ ವಾಕ್ಯವನ್ನು ಹಾಗೇ ಹೇಳುವುದಕ್ಕೆ ಎಕೊಲೇಲಿಯಾ ಅನ್ನುತ್ತಾರೆ. ತಕ್ಷಣ ಹೇಳುವುದೂ ಉಂಟು, ತಿಂಗಳು, ವರ್ಷ ಕಳೆದ ಮೇಲೆ ಹೇಳುವುದೂ ಉಂಟು. ಇದಕ್ಕೆ ಅರ್ಥವಿರುತ್ತದೆ ಅಂತಲೂ ಕ್ಯಾನರ್ 1946ರಲ್ಲೇ ಬರೆದಿದ್ದಾರೆ. ಅವರು ನೋಡಿದ ಒಬ್ಬ ಪುಟ್ಟ ಹುಡುಗ, ಏನಾದರೂ ಎಸೆಯಬೇಕು ಅನಿಸಿದಾಗೆಲ್ಲ ‘ನಾಯಿಯನ್ನು ಬಾಲ್ಕನಿಯಿಂದ ಎಸೆಯಬೇಡ’ ಅನ್ನುತ್ತಿದ್ದ. ಅಲ್ಲಿ ನಾಯಿಯೂ ಇಲ್ಲ, ಬಾಲ್ಕನಿಯೂ ಇಲ್ಲ. ವಿಚಾರಿಸಿದರೆ, ಹಿಂದೊಮ್ಮೆ ಹೋಟೆಲಿನ ಬಾಲ್ಕನಿಯಿಂದ ಆಟಿಕೆ ನಾಯಿಯನ್ನು ಮತ್ತೆ ಮತ್ತೆ ಎಸೆದಾಗ ಅಮ್ಮ ಬೇಸತ್ತು ಬೈದ ಮಾತು ಅದು. ವಾಕ್ಯ ಎಲ್ಲಿಂದ ಬಂತು ಅಂತ ಗೊತ್ತಿರುವವರು ಒಬ್ಬರು ಮನೆಯಲ್ಲಿ ಇದ್ದೇ ಇರುತ್ತಾರೆ. ಹೆಚ್ಚಿನ ಸಲ ಅವರು ಮೀಟಿಂಗಿಗೆ ಬರುವವರಲ್ಲ.

ಅಂದರೆ ಈ ಹುಡುಗ ಓಡುವ ಮೊದಲು ಪ್ರತಿ ಸಲ ಎಚ್ಚರಿಕೆ ಕೊಟ್ಟೇ ಓಡುತ್ತಿದ್ದ. ‘ನನಗೆ ಆಗ್ತಿಲ್ಲ, ಹೊರಗೆ ಹೋಗಬೇಕು’ ಅಂತ ಅವನಿಗೆ ಬಂದ ಭಾಷೆಯಲ್ಲಿ ಹೇಳುತ್ತಿದ್ದ. ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ ಕಾಲಿನಲ್ಲಿ ಹೇಳಿದ, ಅದಕ್ಕೂ ಅಡ್ಡ ನಿಂತಾಗ ಹಲ್ಲಿನಲ್ಲಿ.

ಮೊದಲು ಕೊಟ್ಟದ್ದು ಒಂದು ಕಾರ್ಡ್

ಬೆಲ್ಲಿನ ವಿಷಯ ಆಮೇಲೆ ನೋಡೋಣ, ಮೊದಲು ಅವನಿಗೆ ‘ಹೊರಗೆ’ ಅನ್ನಲು ಒಂದು ದಾರಿ ಕೊಡೋಣ ಅಂದೆ. ಈ ವಿಷಯದಲ್ಲಿ ನನ್ನದು ಸ್ವಲ್ಪ ಹಟವೇ ಅನ್ನಿ. ಬಣ್ಣ ಗುರುತಿಸು, ಕಣ್ಣು ಕೊಟ್ಟು ನೋಡು, ಥ್ಯಾಂಕ್ಯೂ ಹೇಳು ಅಂತ ಕಲಿಸುವ ಮೊದಲು ಮಗುವಿಗೆ ‘ಬೇಡ’, ‘ಸಾಕು’, ‘ನಿಲ್ಲಿಸು’ ಅನ್ನಲು ಬರಬೇಕು, ಅದನ್ನು ನಾವು ಕೇಳಬೇಕು.

ಇದರ ಹಿಂದೆ ಗಟ್ಟಿ ಕೆಲಸವಿದೆ. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಅನ್ನುವ ಮನಶ್ಶಾಸ್ತ್ರಜ್ಞರು, ಮಗು ತೊಂದರೆಯ ವರ್ತನೆಯಿಂದ ಪಡೆಯುತ್ತಿರುವುದನ್ನೇ ಮಾತಿನಲ್ಲಿ ಕೇಳಿ ಪಡೆಯಲು ಕಲಿಸಿದರೆ ಆ ವರ್ತನೆ ಇಳಿಯುತ್ತದೆ ಅಂತ ತೋರಿಸಿದರು. ಕಾರಣ ಇನ್ನೂ ಒಂದಿದೆ, ಅದು ಕಹಿ. ಅಂಗವಿಕಲತೆ ಇರುವ ಮಕ್ಕಳು ಉಳಿದ ಮಕ್ಕಳಿಗಿಂತ 3.7 ಪಟ್ಟು ಹೆಚ್ಚು ಹಿಂಸೆಗೆ ಒಳಗಾಗುತ್ತಾರೆ ಅಂತ 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ ಹೇಳುತ್ತದೆ. ದೊಡ್ಡವರು ಹೇಳಿದ್ದಕ್ಕೆಲ್ಲ ಹೂಂ ಅನ್ನಲು ಮಾತ್ರ ಕಲಿತ ಮಗು, ಕೆಟ್ಟ ದೊಡ್ಡವರಿಗೂ ಹೂಂ ಅನ್ನುತ್ತದೆ.

ಕಾರ್ಡ್ ಅಂದರೆ ಅಂಗೈಯಷ್ಟು ರಟ್ಟು, ಮೇಲೆ ಬಾಗಿಲಿನ ಚಿತ್ರ, ಕೆಳಗೆ ‘ಹೊರಗೆ’ ಅಂತ ಬರಹ. ಪ್ಯಾಂಟಿನ ಬೆಲ್ಟ್ ಹಾಕುವ ಲೂಪಿಗೆ ದಾರದಲ್ಲಿ ಕಟ್ಟಿದೆವು. ತೋರಿಸಿದರೆ ಪ್ರಶ್ನೆ ಇಲ್ಲ, ಲೈಬ್ರರಿಯ ಒಂದು ಮೂಲೆಗೆ ಹೋಗಬಹುದು, ಐದು ನಿಮಿಷದ ಮರಳು ಗಡಿಯಾರ ಮುಗಿದ ಮೇಲೆ ವಾಪಸ್. ಶುರುವಿನಲ್ಲಿ ಅವನು ಶಾಂತವಾಗಿದ್ದಾಗಲೇ ಅಭ್ಯಾಸ ಮಾಡಿಸಿದೆವು. ತಲೆ ಬಿಸಿಯಾದ ಮೇಲೆ ಯಾರಿಗೂ ಹೊಸದು ಕಲಿಯಲು ಆಗುವುದಿಲ್ಲ, ನಮಗೂ ಅಷ್ಟೆ ಅಲ್ವಾ. ಮತ್ತೆ ‘ಬಾಗಿಲುಗಳು ಮುಚ್ಚುತ್ತಿವೆ’ ಅಂದರೂ ಕಾರ್ಡ್ ತೋರಿಸಿದ ಲೆಕ್ಕವೇ ಅಂತ ಎಲ್ಲರಿಗೂ ಹೇಳಿದೆವು.

ಲೆಕ್ಕದ ಸರ್ ಒಪ್ಪಲಿಲ್ಲ. “ಬೇಡ ಅಂದ್ರೆ ಬಿಟ್ಬಿಡೋದಾದ್ರೆ ಶಾಲೆ ಯಾಕೆ ಬೇಕು? ಇಡೀ ದಿನ ಕಾರ್ಡ್ ತೋರಿಸ್ಕೊಂಡು ಲೈಬ್ರರಿಲಿ ಕೂರ್ತಾನೆ.”

ನ್ಯಾಯವಾದ ಅನುಮಾನವೇ. ಮೊದಲ ವಾರ ಹಾಗೇ ಆಯಿತು. ಒಂದು ಪೀರಿಯಡ್‌ನಲ್ಲಿ ನಾಲ್ಕೈದು ಸಲ ತೋರಿಸಿದ. ಕಾರ್ಡ್ ನಿಜಕ್ಕೂ ಕೆಲಸ ಮಾಡುತ್ತದಾ ಅಂತ ಅವನು ಪರೀಕ್ಷೆ ಮಾಡುತ್ತಿದ್ದ, ಈ ಹೊತ್ತಿನಲ್ಲೇ ಶಾಲೆಗಳು ಕೈ ಚೆಲ್ಲಿ ಕಾರ್ಡ್ ಕಿತ್ತುಕೊಳ್ಳುವುದು. ಮಿಸ್ ಕಿತ್ತುಕೊಳ್ಳಲಿಲ್ಲ. ಎರಡನೇ ವಾರದಿಂದ ತಾನಾಗೇ ಇಳಿಯಿತು. ಅದಾದ ಮೇಲೆ ಸ್ವಲ್ಪ ಸ್ವಲ್ಪ ಕಾಯಿಸಲು ಕಲಿಸಿದೆವು: ಇನ್ನೆರಡು ಲೆಕ್ಕ, ಆಮೇಲೆ ಹೊರಗೆ. ಮಾತು ಕೊಟ್ಟರೆ ಎರಡೇ ಲೆಕ್ಕ, ‘ಇನ್ನೊಂದು ಮಾಡ್ಬಿಡು ಮರಿ’ ಅಂತ ಮೂರನೆಯದು ಸೇರಿಸುವಂತಿಲ್ಲ.

ಹಾಗಾದರೆ ಔಷಧಿ ಬೇಡ ಅಂದರೆ? ರಸ್ತೆ ದಾಟುವಾಗ ಕೈ ಹಿಡಿಯುವುದು ಬೇಡ ಅಂದರೆ? ಇಂಥ ಕಡೆ ಆಯ್ಕೆ ಇಲ್ಲ, ಆದ್ದರಿಂದ ಪ್ರಶ್ನೆಯನ್ನೂ ಕೇಳಬಾರದು. ‘ಔಷಧಿ ತಗೊಳ್ತೀಯಾ?’ ಅಂತ ಕೇಳಿ, ಬೇಡ ಅಂದ ಮೇಲೆ ಬಾಯಿಗೆ ಸುರಿದರೆ ಬೇಡ ಅನ್ನುವ ಪದಕ್ಕೆ ಬೆಲೆ ಇಲ್ಲ ಅಂತ ನಾವೇ ಕಲಿಸಿದ ಹಾಗೆ. ‘ಈಗ ಔಷಧಿ. ಚಮಚದಲ್ಲಿ ಬೇಕಾ, ಲೋಟದಲ್ಲಿ ಬೇಕಾ?’ ಅನ್ನಬಹುದು.

ಅಪ್ಪನಿಗೆ ಬೇರೆ ಭಯ. ಕಾರ್ಡ್ ಕೊಟ್ಟರೆ ಇರುವ ನಾಲ್ಕು ಮಾತೂ ನಿಂತುಹೋದರೆ? ಬಹಳ ಮನೆಗಳಲ್ಲಿ ಈ ಭಯವಿದೆ. ಚಿತ್ರ, ಸನ್ನೆ, ಮಾತಾಡುವ ಯಂತ್ರಗಳ ಬಗ್ಗೆ 2006ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಗಟ್ಟಿ ಪುರಾವೆ ಇದ್ದ 27 ಜನರಲ್ಲಿ ಒಬ್ಬರಿಗೂ ಮಾತು ಕಡಿಮೆಯಾಗಿರಲಿಲ್ಲ, ಹೆಚ್ಚಿನವರಿಗೆ ಜಾಸ್ತಿಯಾಗಿತ್ತು. ಈ ಹುಡುಗ ಕಾರ್ಡ್ ತೋರಿಸುವಾಗ ‘ಹೊರಗೆ’ ಅಂತ ಬಾಯಲ್ಲೂ ಹೇಳತೊಡಗಿದ. ಅಪ್ಪ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಎಲ್ಲರಿಗೂ ಕೇಳಿಸಿದರು.

ಬೆಲ್ ಮತ್ತು ಅಟೆಂಡರ್

ಕ್ಲಾಸ್ ರೂಮ್ ಬದಲಾಯಿಸಿ ಅಂದರೆ ವರ್ಷದ ಮಧ್ಯೆ ಆಗುವುದಿಲ್ಲ ಅಂದರು. ಬೆಲ್ ಬೇರೆ ಕಡೆ ಹಾಕಿ ಅಂದರೆ ವೈರಿಂಗ್ ಕೆಲಸ, ಕಮಿಟಿ ಒಪ್ಪಬೇಕು. ಈ ಚರ್ಚೆ ನಡೆಯುತ್ತಿರುವಾಗಲೇ ಅಟೆಂಡರ್ ಸ್ಟೂಲ್ ಹತ್ತಿ, ಬೆಲ್ಲಿನ ಬಟ್ಟಲಿಗೂ ಅದನ್ನು ಬಡಿಯುವ ಸುತ್ತಿಗೆಗೂ ಮಧ್ಯೆ ಹಳೇ ಬಟ್ಟೆಯನ್ನು ಮಡಚಿ ಸಿಕ್ಕಿಸಿಬಿಟ್ಟರು. ಗಣಗಣ ಹೋಗಿ ಡಬಡಬ ಆಯಿತು. ಕಾರಿಡಾರಿನ ಕೊನೆಯವರೆಗೂ ಕೇಳುತ್ತದೆ, ಕಿವಿ ಸೀಳುವುದಿಲ್ಲ. ಅಷ್ಟೇ ಅಲ್ಲದೆ ಉದ್ದ ಬೆಲ್ಲಿಗೆ ಎರಡು ನಿಮಿಷ ಮೊದಲು ಬಾಗಿಲ ಹತ್ತಿರ ಬಂದು ಎರಡು ಬೆರಳು ತೋರಿಸಿ ಹೋಗುವ ಅಭ್ಯಾಸವನ್ನೂ ಅವರೇ ಮಾಡಿಕೊಂಡರು, ಯಾರೂ ಹೇಳಿರಲಿಲ್ಲ. ಹುಡುಗ ಆಗ ಸದ್ದು ತಗ್ಗಿಸಲು ಕಿವಿ ಮುಚ್ಚುವ ಇಯರ್ ಮಫ್ ಹಾಕಿಕೊಳ್ಳುತ್ತಾನೆ. ಇಡೀ ದಿನ ಹಾಕಿಸಬೇಡಿ, ಕಿವಿ ಆ ಮೌನಕ್ಕೇ ಒಗ್ಗಿಹೋಗಬಹುದು ಅಂತ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳಿಗೆ ತರಬೇತಿ ಕೊಡುವವರು) ಹೇಳಿದ್ದರಿಂದ ಬೆಲ್ ಮುಗಿದ ಮೇಲೆ ತೆಗೆದಿಡುತ್ತಾನೆ.

ಡೆಸ್ಕಿನ ಮೇಲೆ ದಿನದ ಪಟ್ಟಿಯೂ ಬಂತು. ಪೀರಿಯಡ್‌ಗಳ ಚಿತ್ರ ಒಂದರ ಕೆಳಗೊಂದು, ಉದ್ದ ಬೆಲ್ ಇರುವಲ್ಲಿ ಕೆಂಪು ಗುರುತು, ಮುಗಿದದ್ದನ್ನು ಅವನೇ ಕಿತ್ತು ಡಬ್ಬಿಗೆ ಹಾಕಬೇಕು. ಇಂಥ ಪಟ್ಟಿಗಳು ಹೊಸತಲ್ಲ. ಎರಿಕ್ ಶಾಪ್ಲರ್ ಅನ್ನುವ ಮನಶ್ಶಾಸ್ತ್ರಜ್ಞರ ಮುಂದಾಳತ್ವದಲ್ಲಿ 1972ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ರಾಜ್ಯದ ಕಾರ್ಯಕ್ರಮವಾದ, ಆಟಿಸಂ ಇರುವವರಿಗೆ ಕಲಿಸುವ ‘ಟೀಚ್’ (TEACCH) ಪದ್ಧತಿ ಇವನ್ನು ಬಹಳ ಕಡೆ ಹರಡಿತು. ಕ್ಲಾಸಿನಲ್ಲಿ ಉಳಿದ ಮಕ್ಕಳೂ ಅವನ ಪಟ್ಟಿ ಇಣುಕಿ ನೋಡಿ ಮುಂದೇನು ಅಂತ ತಿಳಿದುಕೊಳ್ಳತೊಡಗಿದ ಮೇಲೆ ಮಿಸ್ ಗೋಡೆಗೇ ಒಂದು ದೊಡ್ಡದನ್ನು ಅಂಟಿಸಿದರು.

ಅಕ್ಕ

ಇದುವರೆಗೆ ಹೇಳದ ಒಬ್ಬಳಿದ್ದಾಳೆ. ಅದೇ ಶಾಲೆಯ ಏಳನೇ ಕ್ಲಾಸಿನ ಅವನ ಅಕ್ಕ. ತಮ್ಮ ಓಡಿದಾಗೆಲ್ಲ ಯಾರಾದರೂ ಹೋಗಿ ಅವಳನ್ನು ಕ್ಲಾಸಿನಿಂದ ಎಬ್ಬಿಸಿಕೊಂಡು ಬರುತ್ತಿದ್ದರು, ಅವಳು ಬಂದರೆ ಅವನು ಸಮಾಧಾನವಾಗುತ್ತಾನೆ ಅಂತ. ಸಮಾಧಾನವಾಗುತ್ತಿದ್ದದ್ದೂ ನಿಜ. ಶಾಲೆ ಹಣ ಕೊಟ್ಟು ಇಡಬೇಕಾದ ಶ್ಯಾಡೋ ಟೀಚರ್ ಕೆಲಸವನ್ನು 12 ವರ್ಷದ ಹುಡುಗಿ ಬಿಟ್ಟಿ ಮಾಡುತ್ತಿದ್ದಳು ಅನ್ನುವುದೂ ಅಷ್ಟೇ ನಿಜ. ವಿಜ್ಞಾನದ ಎರಡು ಪಾಠ ಪೂರ್ತಿ ತಪ್ಪಿಹೋಗಿದ್ದವು. ಮನೆಯಲ್ಲಿ ಎಲ್ಲರೂ ‘ಎಷ್ಟು ಜಾಣೆ, ಎಷ್ಟು ತಾಳ್ಮೆ’ ಅನ್ನುತ್ತಿದ್ದರು. ಇಂಥ ಹೊಗಳಿಕೆ ನನಗೆ ಯಾವಾಗಲೂ ಅನುಮಾನ. ಮಗುವಿಗೆ ಇಲ್ಲ ಅನ್ನಲು ಜಾಗವೇ ಉಳಿಸುವುದಿಲ್ಲ ಅದು.

ಅವಳ ಜೊತೆ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದೆ. ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿದೆ ಆಂಟಿ ಅಂದಳು. ಆಮೇಲೆ, “ಅವನನ್ನ ಕಂಡ್ರೆ ನಂಗಿಷ್ಟ. ಆದ್ರೆ ಕ್ಲಾಸ್ ಬಾಗಿಲಲ್ಲಿ ಯಾರಾದ್ರೂ ನಿಂತ್ರೆ ಎಲ್ರೂ ನನ್ನ ಕಡೆ ನೋಡ್ತಾರೆ” ಅಂದಳು. ಅಮ್ಮ ಅಪ್ಪ ಇಲ್ಲದ ಮೇಲೆ ತಮ್ಮನನ್ನು ನೋಡಿಕೊಳ್ಳುವವಳು ತಾನೇ ಅಂತಲೂ ಅವಳು ಲೆಕ್ಕ ಹಾಕಿಕೊಂಡಿದ್ದಳು, ಯಾರೋ ನೆಂಟರು ಹೇಳಿದ್ದಂತೆ. 12 ವರ್ಷಕ್ಕೆ ಹೊರುವ ಭಾರವಾ ಇದು?

ಅವತ್ತೇ ಒಂದು ನಿಯಮ ಬರೆದು ಹೆಡ್ ಮಿಸ್ ಹತ್ತಿರ ಸಹಿ ಹಾಕಿಸಿದೆವು: ತಮ್ಮನ ವಿಷಯಕ್ಕೆ ಅಕ್ಕನನ್ನು ಕರೆಯುವಂತಿಲ್ಲ, ಯಾವ ಕಾರಣಕ್ಕೂ. ಮನೆಯಲ್ಲಿ ಭಾನುವಾರ ಬೆಳಗ್ಗೆ ಅಪ್ಪ ಮಗನನ್ನು ಕರೆದುಕೊಂಡು ಹೊರಗೆ ಹೋಗುತ್ತಾರೆ, ಆ ಹೊತ್ತು ಅಮ್ಮ ಮಗಳದ್ದು. ಏನು ಮಾಡಬೇಕು ಅಂತ ನಾನು ಹೇಳಲಿಲ್ಲ. ಇಬ್ಬರೂ ಮೊದಲ ಭಾನುವಾರ ಮಲಗಿ ನಿದ್ದೆ ಮಾಡಿದರಂತೆ.

ಅಮ್ಮನ ಫೋನಿಗೂ ಒಂದು ಕಟ್ಟು ಹಾಕಿದೆವು. ಫೋನ್ ಹೊಡೆದುಕೊಂಡರೆ ಎದೆ ಝಲ್ ಅನ್ನುತ್ತೆ, ಸ್ನಾನಕ್ಕೆ ಹೋದರೂ ಬಾಗಿಲ ಹತ್ತಿರ ಇಟ್ಟುಕೊಳ್ಳುತ್ತೇನೆ ಅಂದಿದ್ದರು. ಜ್ವರ ಬಂದರೆ, ಗಾಯವಾದರೆ ಮಾತ್ರ ಫೋನ್. ಉಳಿದದ್ದೆಲ್ಲ ನೋಟ್‌ಬುಕ್ಕಿನಲ್ಲಿ.

ಕ್ಲಾಸಿನ ಮಕ್ಕಳು

ಮಕ್ಕಳಿಗೆ ಏನು ಹೇಳುವುದು ಅಂತ ಮೀಟಿಂಗಿನಲ್ಲಿ ತಲೆ ಕೆಡಿಸಿಕೊಂಡಷ್ಟು ಮಕ್ಕಳು ತಲೆ ಕೆಡಿಸಿಕೊಳ್ಳಲಿಲ್ಲ. ‘ಪಾಪ, ಅವನು ಸ್ಪೆಷಲ್’ ಅಂತ ಮಾತ್ರ ಹೇಳುವುದು ಬೇಡ ಅಂದಿದ್ದೆ. ಪಾಪ ಅಂದ ಮೇಲೆ ಅವನ ಜೊತೆ ಜಗಳವಾಡಲೂ ಆಗುವುದಿಲ್ಲ, ಜಗಳವಿಲ್ಲದೆ ಎಂಥ ಸ್ನೇಹ? ಅಪ್ಪ ಅಮ್ಮನ ಒಪ್ಪಿಗೆ ಪಡೆದು, ಮಿಸ್ ನೇರವಾಗಿ ಹೇಳಿದರು: ಅವನಿಗೆ ಬೆಲ್ ನಮಗಿಂತ ತುಂಬಾ ಜೋರಾಗಿ ಕೇಳುತ್ತೆ, ಕಾರ್ಡ್ ತೋರಿಸಿದರೆ ದಾರಿ ಬಿಡಿ. ಒಬ್ಬಳು ಹುಡುಗಿ ಕೇಳಿದಳು, “ನಾವು ಮಾತಾಡಿಸಿದ್ರೆ ಯಾಕೆ ಮುಖ ನೋಡಲ್ಲ?” ನೋಡಿಕೊಂಡೇ ಕೇಳಿಸಿಕೊಳ್ಳುವುದು ಅವನಿಗೆ ಕಷ್ಟ, ಬೇರೆ ಕಡೆ ನೋಡುತ್ತಿದ್ದಾಗಲೇ ಚೆನ್ನಾಗಿ ಕೇಳಿಸಿಕೊಳ್ಳುತ್ತಾನೆ ಅಂದರು ಮಿಸ್. “ಓ, ಸರಿ” ಅಂದಳು. ಅಷ್ಟೇ.

ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ವಾದ ಮುಂದಿಟ್ಟರು. ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಉಳಿದವರಿಗೆ ಅವರ ಮನಸ್ಸು ಅರ್ಥವಾಗುತ್ತದಾ? ತೊಡಕು ಎರಡೂ ಕಡೆಯದು. ಒಂದು ಇಡೀ ಶಾಲೆಗೆ ಲಿಫ್ಟಿನ ವಾಕ್ಯ ಅರ್ಥವಾಗದೆ ಹೋದದ್ದನ್ನು ನೋಡಿದ ಮೇಲೆ ಈ ವಾದಕ್ಕೆ ಬೇರೆ ಸಾಕ್ಷಿ ನನಗೆ ಬೇಕಿಲ್ಲ.

ಸ್ನೇಹ ಆದದ್ದು ಟೇಪಿನಿಂದ. ಉದ್ದ ಅಳತೆಯ ಪಾಠ ಬಂದಾಗ ಮಿಸ್ ಅವನ ಟೇಪನ್ನೇ ಪಾಠ ಮಾಡಿಕೊಂಡರು. ಎಲ್ಲರ ಎತ್ತರ ಅಳೆದು ಗೋಡೆಯ ಮೇಲೆ ಬರೆಯುವುದು ಅವನ ಕೆಲಸ. ನಲವತ್ತು ಮಕ್ಕಳು ಸಾಲು ನಿಂತರು. ಎರಡು ವಾರದ ಮೇಲೆ ‘ನಾನು ಬೆಳೆದಿದ್ದೀನಿ, ಮತ್ತೆ ಅಳಿ’ ಅಂತ ಗಂಟು ಬಿದ್ದ ಒಬ್ಬ ಹುಡುಗನಿಗೂ ಇವನಿಗೂ ಜಗಳವೇ ಆಯಿತು, ಅವನು ಬೆಳೆದಿರಲಿಲ್ಲ. ಈಗ ಊಟಕ್ಕೆ ಇಬ್ಬರೂ ಒಟ್ಟಿಗೇ ಕೂರುತ್ತಾರೆ, ಹೆಚ್ಚು ಮಾತಿಲ್ಲದೆ.

ಇನ್ನೂ ಆಗದೆ ಉಳಿದದ್ದು

ಓಟ ಬಹಳ ಕಡಿಮೆಯಾಗಿದೆ, ನಿಂತಿಲ್ಲ. ಕೈ ಕಚ್ಚಿಕೊಳ್ಳುವುದು ಜ್ವರ ಬಂದಾಗ, ನಿದ್ದೆ ಕೆಟ್ಟಾಗ ವಾಪಸ್ ಬರುತ್ತದೆ. ನಿದ್ದೆಯ ಸಮಸ್ಯೆ ಹಾಗೇ ಇದೆ. ರಾತ್ರಿ ಎರಡಕ್ಕೆ ಎದ್ದು ಕೂರುವ ಹುಡುಗನಿಗೆ ಹಗಲಿನ ಕಾರ್ಡ್ ಏನೂ ಮಾಡಲಾರದು, ಅದಕ್ಕೆ ಮಕ್ಕಳ ಡಾಕ್ಟರ್ ಹತ್ತಿರ ಕಳಿಸಿದ್ದೇನೆ. ಶಾಲೆಯ ವಾರ್ಷಿಕೋತ್ಸವಕ್ಕೆ ಅವನನ್ನು ಸ್ಟೇಜ್ ಹತ್ತಿಸಲೇಬೇಕು ಅಂತ ಹೆಡ್ ಮಿಸ್, ಮೈಕಿನ ಸದ್ದಿಗೆ ಬೇಡ ಅಂತ ಅಮ್ಮ. ಕೊನೆಗೆ ಅವನನ್ನೇ ಕೇಳಿದಾಗ ಕಾರ್ಡ್ ತೋರಿಸಿದ. ಹೆಡ್ ಮಿಸ್ ಮುಖ ಸಣ್ಣಗಾಯಿತು, ಆದರೆ ಒಪ್ಪಿಕೊಂಡರು.

ಹೊರಗಿನ ಲೋಕದಲ್ಲಿ ಕಾರ್ಡ್ ನಡೆಯುವುದಿಲ್ಲ. ಕಟಿಂಗ್ ಮಾಡುವವರಿಗೆ, ಹಲ್ಲಿನ ಡಾಕ್ಟರಿಗೆ, ಮದುವೆ ಮನೆಯಲ್ಲಿ ಕೆನ್ನೆ ಹಿಂಡುವ ನೆಂಟರಿಗೆ ಅದೊಂದು ರಟ್ಟು. ಅಜ್ಜಿ ಅವನ ಪರವಾಗಿ ತಾವೇ ಉತ್ತರ ಕೊಟ್ಟುಬಿಡುತ್ತಾರೆ, ಅವನಿಗೆ ಹೇಳಲು ಅವಕಾಶ ಕೊಡಿ ಅತ್ತೆ ಅಂತ ಸೊಸೆ ಅಂದರೆ ‘ನಂಗೆ ಗೊತ್ತಲ್ಲ’ ಅನ್ನುತ್ತಾರೆ. ಗೊತ್ತಿರುವುದೂ ಹೌದು.

ನಾಲ್ಕನೇ ಕ್ಲಾಸಿಗೆ ಮಿಸ್ ಬೇರೆ, ರೂಮ್ ಮಹಡಿಯ ಮೇಲೆ. ವರ್ಷ ಬದಲಾದಾಗ ಹಿಂದಿನ ಟೀಚರ್ ತಲೆಯಲ್ಲಿದ್ದದ್ದೆಲ್ಲ ಅಲ್ಲೇ ಉಳಿದುಬಿಡುವುದೇ ಹೆಚ್ಚು. ಅದಕ್ಕೆ ಒಂದೇ ಪುಟದ ಕಾಗದ ಮಾಡಿದ್ದೇವೆ: ನನಗೆ ಏನಿಷ್ಟ, ಏನಾಗುವುದಿಲ್ಲ, ನಾನು ಹೀಗಂದರೆ ಹೀಗರ್ಥ, ನನಗೆ ತಡೆಯಲಾಗದಿದ್ದಾಗ ಏನು ಮಾಡಬೇಕು, ಏನು ಮಾಡಲೇಬಾರದು. ಕೊನೆಯ ಸಾಲನ್ನು ಕಚ್ಚಿಸಿಕೊಂಡ ಮಿಸ್ಸೇ ಬರೆದರು: ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಹೊಸ ಟೀಚರ್ ಓದಿ, ರೂಮ್ ನೋಡಲು ರಜೆಯಲ್ಲೇ ಒಂದು ದಿನ ಹುಡುಗನನ್ನು ಕರೆದುಕೊಂಡು ಬನ್ನಿ ಅಂದಿದ್ದಾರೆ. ಮಹಡಿಯ ಮೆಟ್ಟಿಲು ಎಷ್ಟಿವೆ, ಒಂದೊಂದು ಎಷ್ಟು ಎತ್ತರ ಅಂತ ಅವನು ಅಳೆದು ಮುಗಿಸುವಷ್ಟು ಹೊತ್ತು ಬಿಟ್ಟುಕೊಂಡು ಬರಬೇಕು ಅಂತ ಅಪ್ಪನಿಗೆ ಹೇಳಿದ್ದೇನೆ.